ಎಲ್ಲರ ಮನೆ ಹುಳಕ್ಕೂ ಒಂದೇ ಬೇಸಿನ್ನು

ಬಂಗಾರಪೇಟೆ ಜಂಕ್ಷನ್

ವಿದೇಶಕ್ಕೆ ಹೊರಡುವವರನ್ನು ಜನ ಹಾರ ಹಾಕಿ, ಬಾಯಿಗೆ ಸಕ್ಕರೆ ಹಾಕಿ ಕಳಿಸುತ್ತಾರಂತೆ. ನಾನು ಬೈಸಿಕೊಂಡು ಹೊರಟವಳು. ಹೊರಡುವ ಹಿಂದಿನ ದಿನ ಊರಿಗಾಂ ಲೈನಿನಲ್ಲಿ ನಡೆದು ಹೋಗುತ್ತಿದ್ದಾಗ ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಮಗೀಗೆ ಜ್ವರ ಅಂಟಿಸ್ಬುಟ್ಟು ಟೀಚರಮ್ಮ ಫಾರಿನ್ನಿಗೆ ಓಯ್ತಾವ್ಳೆ" ಅಂದಳು. ಮೆಲ್ಲಗೇನೂ ಅನ್ನಲಿಲ್ಲ. ನಾನೂ ಕೇಳಿಸದವಳಂತೆ ನಟಿಸಲಿಲ್ಲ. ನಿಂತು ಅವಳ ಮುಖವನ್ನು ಚೆನ್ನಾಗಿ ನೋಡಿಯೇ ಮುಂದೆ ಹೋದೆ.

ನಾನು ಊರಿಗಾಂನ ಒಂದು ಲೈನಿನಲ್ಲಿ ಅಂಗನವಾಡಿ ಟೀಚರು. ಹುಟ್ಟಿದ್ದು ಕಾಮಸಮುದ್ರದ ಆಚೆಯ ಹಳ್ಳಿಯಲ್ಲಿ, ಓದಿದ್ದು ಊರಿಗಾಂನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಕೊಟ್ಟಿದ್ದು ಬಂಗಾರಪೇಟೆಗೆ. ಚಿನ್ನದ ಗಣಿ ಮುಚ್ಚಿದ ಮೇಲೆ, ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಈ ಲೈನು ಮನೆಗಳ ಜನ ಬೆಳಕು ಹರಿಯುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಅವರ ಮಕ್ಕಳು ಮಧ್ಯಾಹ್ನದವರೆಗೆ ನನ್ನ ಹತ್ತಿರ, ಆಮೇಲೆ ಅಜ್ಜಿಯರ ಹತ್ತಿರ. ಬೆಳಿಗ್ಗೆ ಅಂಗನವಾಡಿಯಲ್ಲಿ ಬೇಯುವ ಮೊಟ್ಟೆ ಎಷ್ಟೋ ಮಕ್ಕಳಿಗೆ ಆ ದಿನದ ಮೊದಲ ತುತ್ತು.

ಈ ಸಲ ಮಳೆ ಹಿಡಿದ ಮೇಲೆ ಲೈನಿನಲ್ಲಿ ಡೆಂಗಿ ಜ್ವರ ಕಾಣಿಸಿಕೊಂಡಿತು. ಮೊದಲು ಮಲಗಿದ್ದು ನಮ್ಮ ಅಂಗನವಾಡಿಯ ಕೀರ್ತನ. ಅವಳ ತಾಯಿ ಮಂಜುಳ ಬೆಂಗಳೂರಿನಲ್ಲಿ ಮನೆಗೆಲಸಕ್ಕೆ ಹೋಗುವವಳು. ಜ್ವರದ ಸುದ್ದಿ ಹಿಡಿದು ಸೊಳ್ಳೆ ಹುಡುಕುವವರು ಬಂದರು, ಬಂದವರು ಮೊದಲು ಅಂಗನವಾಡಿಯ ಹಿಂದಕ್ಕೆ ಹೋದರು. ಅಲ್ಲಿ ನನ್ನ ನೀಲಿ ಡ್ರಮ್ಮಿತ್ತು, ಡ್ರಮ್ಮಿನಲ್ಲಿ ಸೊಳ್ಳೆಯ ಹುಳ ಇತ್ತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ನನ್ನ ಡ್ರಮ್ಮು ನನಗಿಂತ ಹೆಸರುವಾಸಿಯಾಗಿತ್ತು.

ಹುಳ ಇರಲಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಆದರೆ ನೀರು ಯಾವತ್ತು ಬರುತ್ತದೋ ಗೊತ್ತಿಲ್ಲದ ಜಾಗದಲ್ಲಿ ಡ್ರಮ್ಮಿಲ್ಲದೆ ಮಕ್ಕಳಿಗೆ ಏನನ್ನು ಕುಡಿಸಲಿ? ಇಡೀ ಲೈನಿನಲ್ಲಿ ಒಂದೊಂದು ಮನೆ ಮುಂದೆ ಮೂರು ಡ್ರಮ್ಮು. ಅವುಗಳ ಒಳಗೆ ಯಾರೂ ಬಗ್ಗಿ ನೋಡಲಿಲ್ಲ. ಒಂದು ಡ್ರಮ್ಮು ಸಿಕ್ಕಿತಲ್ಲ, ಸಾಕು ಎಂದು ಹೋದರು. ಮಾರನೆಯ ದಿನದಿಂದ ಒಂದು ಮಗುವೂ ಬರಲಿಲ್ಲ. ನಮ್ಮ ಮೇಲಿನವರು ಫೋನು ಮಾಡಿ ಸದ್ಯಕ್ಕೆ ಬೀಗ ಹಾಕಿ ಅಂದರು. ಮಕ್ಕಳು ಹೀಗೇ ಬಾರದಿದ್ದರೆ ಅಂಗನವಾಡಿಯನ್ನು ರೈಲು ಹಳಿಯ ಆಚೆ ಇರುವ ಇನ್ನೊಂದಕ್ಕೆ ಸೇರಿಸಿಬಿಡುತ್ತೇವೆ ಎಂದೂ ಅಂದರು. ಹಳಿ ದಾಟಿ ಮೂರು ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗುವವರು ಯಾರು? ಅಲ್ಲಿಗೆ ಆ ಮಕ್ಕಳ ಮೊಟ್ಟೆಯೂ ಹೋಯಿತು, ಅಕ್ಷರವೂ ಹೋಯಿತು. ಕೀರ್ತನಳನ್ನು ನೋಡಲು ಕೋಲಾರದ ಆಸ್ಪತ್ರೆಗೆ ಹೋದೆ. ಮಂಜುಳ ವಾರ್ಡಿನ ಬಾಗಿಲಲ್ಲೇ ನಿಂತು, ಬರಬೇಡ ಎಂದು ಕೈ ಅಡ್ಡ ಹಿಡಿದಳು. ಆ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ.

ಮಗು ಪ್ರಾಣಾಪಾಯದಿಂದ ಪಾರಾಗಿದೆ ಎಂದು ಗೊತ್ತಾದ ಮೇಲೆ ನಾನು ಲಂಕೆಗೆ ಹೊರಟೆ. ಟಿಕೆಟ್ಟು ತಿಂಗಳುಗಳ ಹಿಂದೆಯೇ ಆಗಿತ್ತು. ನನ್ನ ಜೊತೆ ಓದಿದ ಊರಿಗಾಂನ ಸೆಲ್ವಿ ಮದುವೆಯಾಗಿ ಅಲ್ಲಿನ ಮಾತಲೆ ಎಂಬ ಊರಿನಲ್ಲಿದ್ದಾಳೆ, ವರ್ಷಗಳಿಂದ ಬಾ ಬಾ ಎಂದು ಕರೆಯುತ್ತಿದ್ದಳು. ಹೋಗದೆ ನಿಂತರೆ ತಪ್ಪು ಒಪ್ಪಿಕೊಂಡಂತೆ, ಹೋದರೆ ಓಡಿಹೋದಂತೆ. ಎರಡರಲ್ಲಿ ಹೋಗುವುದೇ ವಾಸಿ ಅನಿಸಿತು. ನಮ್ಮ ಯಜಮಾನರು ದಿನಾ ಬೆಂಗಳೂರಿನ ರೈಲಿಗೆ ನಿಲ್ಲುವವರು. ಅವತ್ತು ನನ್ನನ್ನು ಚೆನ್ನೈ ರೈಲಿಗೆ ಹತ್ತಿಸಲು ಬಂದು, ಅಭ್ಯಾಸಬಲದಿಂದ ಪೆಟ್ಟಿಗೆ ಹೊತ್ತುಕೊಂಡು ಬೆಂಗಳೂರಿನ ಕಡೆಯ ಪ್ಲಾಟ್‌ಫಾರ್ಮಿಗೇ ಹೋಗಿ ನಿಂತರು. ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ನನ್ನ ಮೊದಲ ವಿದೇಶ ಪ್ರವಾಸ ಜಂಕ್ಷನ್ನಿನಲ್ಲೇ ಮುಗಿಯುವುದರಲ್ಲಿತ್ತು.

ಕೊಲಂಬೊ

ವಿಮಾನ ಹಾರಿತು, ಇಳಿಯಿತು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಕಷ್ಟ ಶುರುವಾಗಿದ್ದು ಇಳಿದ ಮೇಲೆ. ಸೆಲ್ವಿಗೆಂದು ನಮ್ಮ ಹೊಲದ ರಾಗಿಯನ್ನು ಬೀಸಿಸಿ ಹಿಟ್ಟಿನ ಚೀಲ ತಂದಿದ್ದೆ. ಅಲ್ಲಿನ ಅಧಿಕಾರಿ ಕಂದುಬಣ್ಣದ ಪುಡಿಯನ್ನು ಕಂಡು ಹುಬ್ಬು ಗಂಟಿಕ್ಕಿದ. ತಮಿಳಿನಲ್ಲಿ ಹೇಳಿದೆ, ಕೈಯಲ್ಲಿ ಮುದ್ದೆ ಕಟ್ಟಿ ನುಂಗಿ ತೋರಿಸಿದೆ. ನನ್ನ ಹಿಂದೆ ನಿಂತಿದ್ದವರೆಲ್ಲ ಕುತ್ತಿಗೆ ಚಾಚಿ ನೋಡಿದರು. ಆತ ಚಿಟಿಕೆ ಹಿಟ್ಟು ಮೂಸಿ, "ಕುರಕ್ಕನ್" ಎಂದು ನಕ್ಕ. ಅವರ ರಾಗಿಗೆ ಅದೇ ಹೆಸರು. ಆತನ ಅಜ್ಜಿಯೂ ಅದನ್ನೇ ತಿಂದು ಬದುಕಿದವಳಂತೆ. ಚೀಲವನ್ನು ಕಟ್ಟಿಕೊಟ್ಟು ಕಳಿಸಿದ.

ಮಾತಲೆಯ ಬಸ್ಸಿನಲ್ಲಿ ಮುಂದಿನ ಸೀಟು ಖಾಲಿ ಇತ್ತು. ನಮ್ಮೂರಿನ ಬಸ್ಸಿನಲ್ಲಿ ಖಾಲಿ ಸೀಟು ಕಂಡರೆ ಕಿಟಕಿಯಿಂದ ಟವೆಲ್ಲು ಎಸೆದು ಹಿಡಿಯುವವಳು ನಾನು, ಹೋಗಿ ಕೂತೆ. ಇಡೀ ಬಸ್ಸು ನನ್ನನ್ನೇ ನೋಡತೊಡಗಿತು. ಸ್ವಲ್ಪ ಹೊತ್ತಿಗೆ ಕಾವಿ ತೊಟ್ಟ ಭಿಕ್ಷುವೊಬ್ಬರು ಹತ್ತಿ ನನ್ನ ಎದುರಿಗೆ ಬಂದು ಸುಮ್ಮನೆ ನಿಂತರು. ಆ ಸೀಟು ಅವರಿಗೆಂದೇ ಬಿಟ್ಟದ್ದಂತೆ. ಕಂಡಕ್ಟರು ಬೈಯಲಿಲ್ಲ, ಯಾರೂ ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಸುಮ್ಮನಿರುವವರ ಎದುರು ನಾನು ಯಾವಾಗಲೂ ಸೋಲುತ್ತೇನೆ. ಮಾತಲೆಯವರೆಗೆ ನಿಂತೇ ಹೋದೆ.

ಮಾತಲೆಯ ನಲ್ಲಿ

ಸೆಲ್ವಿಯ ಮನೆ ಇಳಿಜಾರಿನ ಒಂದು ಓಣಿಯಲ್ಲಿದೆ. ಎರಡೂ ಕಡೆ ಮನೆಗಳು, ಹಿತ್ತಲಿನಲ್ಲಿ ತೆಂಗು, ಹಲಸು, ಮೆಣಸಿನ ಬಳ್ಳಿ. ತಮಿಳರು, ಸಿಂಹಳರು, ಮುಸಲ್ಮಾನರು ಬೆರೆತು ಇದ್ದಾರೆ. ಒಂದೇ ಬಾಗಿಲಲ್ಲಿ ಮೂರು ಭಾಷೆ ಕೇಳುವುದು ಊರಿಗಾಂನಲ್ಲಿ ಬೆಳೆದವರಿಗೆ ಹೊಸದಲ್ಲ, ಎರಡನೆಯ ದಿನಕ್ಕೇ ನನಗೆ ನಮ್ಮ ಲೈನಿನಲ್ಲೇ ಇದ್ದೇನೆ ಅನಿಸಿತು. ಸಿಂಹಳದಲ್ಲೂ ಅಕ್ಕನಿಗೆ ಅಕ್ಕ ಎಂದೇ ಅನ್ನುತ್ತಾರೆ. ತಂಗಿಗೆ ಮಾತ್ರ ನಂಗಿ.

ಸೆಲ್ವಿ ಬೆಳಿಗ್ಗೆ ಹೊಲಿಗೆ ಅಂಗಡಿಗೆ ಹೋದರೆ ಬರುವುದು ಸಂಜೆ. ಮೊದಲ ದಿನ ಅವಳು ಹೋದ ಮೇಲೆ ಹಿತ್ತಲಿನ ನಲ್ಲಿ ತಿರುಗಿಸಿದೆ. ನೀರು ಬಂತು. ಒಂದು ಗಂಟೆ ಬಿಟ್ಟು ತಿರುಗಿಸಿದೆ, ಆಗಲೂ ಬಂತು. ಕೋಲಾರ ಜಿಲ್ಲೆಯ ಹೆಂಗಸಿನ ಕೈಗೆ ಬರುವ ನೀರು ಸಿಕ್ಕರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ನೀರು ಬಿಟ್ಟವ್ರೆ ಎಂಬ ಕೂಗು ಕಿವಿಗೆ ಬಿದ್ದರೆ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡುವವರು ನಾವು. ಹಿತ್ತಲಿನ ಗೂಡಿನಲ್ಲಿ ಹಳೆಯ ಮಡಕೆ, ಬಣ್ಣದ ಡಬ್ಬ, ಎರಡು ಕಿವಿ ಹರಿದ ಬಕೆಟ್ಟು ಇದ್ದವು. ಎಲ್ಲವನ್ನೂ ತೊಳೆದು ಕಂಠಮಟ್ಟ ತುಂಬಿಸಿ ಗೂಡಿನ ನೆರಳಿನಲ್ಲಿ ಸಾಲಾಗಿ ಇಟ್ಟೆ. ಖಾಲಿ ಪಾತ್ರೆ ಕಂಡರೆ ನನಗೆ ನಿದ್ದೆ ಬರುವುದಿಲ್ಲ, ತುಂಬಿದ ಪಾತ್ರೆಗಳ ಸಾಲು ನೋಡಿದರೆ ಹೊಟ್ಟೆ ತುಂಬಿದ ಹಾಗಿರುತ್ತದೆ. ಅವತ್ತು ಚೆನ್ನಾಗಿ ನಿದ್ದೆ ಬಂತು.

ಸೆಲ್ವಿಗೆ ಹೇಳಲಿಲ್ಲ. ನೀರು ತುಂಬಿಟ್ಟಿದ್ದೇನೆ ಎಂದು ನಮ್ಮ ಕಡೆ ಯಾರು ಯಾರಿಗೆ ಹೇಳುತ್ತಾರೆ? ಅದು ಕಸ ಗುಡಿಸಿದ ಹಾಗೆ, ಆಗಿರಲೇಬೇಕಾದ ಕೆಲಸ.

ಆ ಓಣಿಯಲ್ಲೂ ಡೆಂಗಿ ಇತ್ತು. ಬೆಳಿಗ್ಗೆ ಇಡಿಯಪ್ಪ ಮಾಡಿ ಮನೆಮನೆಗೆ ಕೊಡುವ ಸೋಮಾ ಅಕ್ಕನ ಮೊಮ್ಮಗ ಆಸ್ಪತ್ರೆಯಲ್ಲಿದ್ದ. ಅವಳು ಬೆಳಿಗ್ಗೆ ಇಡಿಯಪ್ಪ ಕೊಟ್ಟು, ಹಗಲು ಆಸ್ಪತ್ರೆಯಲ್ಲಿ ಕೂತು, ಸಂಜೆ ಬಂದು ಮತ್ತೆ ಅಕ್ಕಿ ಹಿಟ್ಟು ಹುರಿಯುತ್ತಿದ್ದಳು. ನನಗೆ ಅವಳನ್ನು ನೋಡಿದಾಗಲೆಲ್ಲ ಮಂಜುಳ ನೆನಪಾಗುತ್ತಿದ್ದಳು. ಸೋಮಾ ಅಕ್ಕ ಯಾರನ್ನು ಬೈಯುತ್ತಾಳೆ, ಯಾರ ಮನೆ ಬಾಗಿಲಲ್ಲಿ ನಿಂತು ಮಣ್ಣು ತೂರುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಯಾರನ್ನೂ ಬೈಯಲಿಲ್ಲ.

ಭಾನುವಾರ

ಭಾನುವಾರ ಬೆಳಿಗ್ಗೆ ಸೋಮಾ ಅಕ್ಕ ಒಂದು ಬಿಳಿ ಬೇಸಿನ್ನು ಹಿಡಿದು ಓಣಿಯ ಮೇಲ್ಗಡೆಯಿಂದ ಇಳಿಯತೊಡಗಿದಳು. ಪ್ರತಿ ಮನೆಯಿಂದಲೂ ಒಬ್ಬೊಬ್ಬರು ಹೊರಗೆ ಬಂದು ಅವಳ ಹಿಂದೆ ಸೇರಿಕೊಂಡರು. ಒಬ್ಬರ ಕೈಯಲ್ಲಿ ಪೊರಕೆ, ಒಬ್ಬರ ಕೈಯಲ್ಲಿ ಟಾರ್ಚು, ಒಬ್ಬರ ಕೈಯಲ್ಲಿ ಕುಡುಗೋಲು. ಆ ಓಣಿಯಲ್ಲಿ ವಾರಕ್ಕೊಮ್ಮೆ ಎಲ್ಲರೂ ಸೇರಿ ಎಲ್ಲರ ಹಿತ್ತಲೂ ನೋಡುತ್ತಾರೆ. ತೆಂಗಿನ ಚಿಪ್ಪನ್ನು ಬೋರಲು ಹಾಕುತ್ತಾರೆ, ಹೂಕುಂಡದ ತಟ್ಟೆ ಒಣಗಿಸುತ್ತಾರೆ, ಹಂಚಿನ ಮಾಡಿನ ಅಂಚಿನ ದೋಣಿಯಲ್ಲಿ ಕೈಯಾಡಿಸುತ್ತಾರೆ. ನನಗೂ ಒಂದು ಪೊರಕೆ ಕೊಟ್ಟರು. ಸಂತೋಷದಿಂದಲೇ ಹೊರಟೆ.

ಸೆಲ್ವಿಯ ಹಿತ್ತಲಿಗೆ ಬಂದಾಗ ಟಾರ್ಚಿನ ಬೆಳಕು ಗೂಡಿನೊಳಗೆ ಹೋಯಿತು. ನಾನು ತುಂಬಿಟ್ಟ ಮಡಕೆ, ಡಬ್ಬ, ಬಕೆಟ್ಟು ಎಲ್ಲವೂ ಹೊಳೆದವು. ಸೋಮಾ ಅಕ್ಕ ಒಂದು ಸೌಟಿನಲ್ಲಿ ಮೊಗೆದು ಬೇಸಿನ್ನಿಗೆ ಸುರಿದಳು. ಬಿಳಿ ತಳದ ಮೇಲೆ ಸಣ್ಣ ಕಪ್ಪು ಹುಳಗಳು ಸೊಂಟ ತಿರುವುತ್ತಾ ಏಳುಬೀಳು ಆಡುತ್ತಿದ್ದವು. ಅದೇ ಹುಳ. ಸಮುದ್ರ ದಾಟಿ ಬಂದರೂ ನನ್ನನ್ನು ಬಿಟ್ಟಿರಲಿಲ್ಲ.

ಸೆಲ್ವಿ ನನ್ನ ಮುಖ ನೋಡಿದಳು. ಮೆಲ್ಲಗೆ ಕನ್ನಡದಲ್ಲಿ, "ಏನೇ ರತ್ನ, ಇಲ್ಲೂವೆ ಊರಿನ ಬುದ್ಧಿ ತೋರಿಸ್ದ್ಯಾ? ಇಲ್ಲಿ ನಲ್ಲಿ ನಿಲ್ಲೋದೇ ಇಲ್ಲ ಕಣೇ" ಅಂದಳು. ಇನ್ನೇನು ಯಾರೋ ಮೊಬೈಲು ತೆಗೆಯುತ್ತಾರೆ, ಇಂಡಿಯಾದವಳು ಕಾಯಿಲೆ ತಂದಳು ಅನ್ನುತ್ತಾರೆ ಎಂದು ಸೆರಗು ಸಿಕ್ಕಿಸಿ ಜಗಳಕ್ಕೆ ತಯಾರಾಗಿ ನಿಂತೆ. ನೀರು ತುಂಬಿಡುವುದು ಕೊಳಕುತನವಲ್ಲ, ನೀರಿಲ್ಲದ ಊರಿನವರು ಕಲಿತ ಬುದ್ಧಿ ಎಂದು ತಮಿಳಿನಲ್ಲಿ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಯಾರೂ ಏನೂ ಅನ್ನಲಿಲ್ಲ. ಮಡಕೆಗಳನ್ನು ಗಿಡದ ಬುಡಕ್ಕೆ ಬಗ್ಗಿಸಿದರು, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿದರು, ಬೋರಲು ಹಾಕಿದರು. ಬೇಸಿನ್ನು ಮುಂದಿನ ಮನೆಗೆ ಹೋಯಿತು. ಅಲ್ಲಿ ಹಕ್ಕಿಗೆ ನೀರಿಡುವ ತಟ್ಟೆಯಿಂದ ಇನ್ನಷ್ಟು ಹುಳ ಅದೇ ಬೇಸಿನ್ನಿಗೆ ಬಿದ್ದವು. ಅದರಾಚೆ ಮನೆಯ ಫ್ರಿಜ್ಜಿನ ಹಿಂದಿನ ಟ್ರೇಯಿಂದ ಇನ್ನಷ್ಟು. ಓಣಿಯ ಕೊನೆಗೆ ಬರುವಷ್ಟರಲ್ಲಿ ಯಾವ ಹುಳ ಯಾರ ಮನೆಯದು ಎಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಒಣಗಿದ ಮರಳಿನ ಮೇಲೆ ಎಲ್ಲವನ್ನೂ ಸುರಿದು, ನಿಂತು ನೋಡಿ, ಟೀ ಕುಡಿಯಲು ಹೋದರು.

ಸೋಮಾ ಅಕ್ಕನಿಗೆ ತಮಿಳು ಅಷ್ಟಿಷ್ಟು ಬರುತ್ತದೆ. ಬೆಲ್ಲದ ಚೂರು ಕಚ್ಚಿಕೊಂಡು ಟೀ ಕುಡಿಯುತ್ತಾ ಅವಳೇ ವಿವರಿಸಿದಳು. ಮೊದಲೆಲ್ಲ ಹುಳ ಸಿಕ್ಕ ಮನೆಯ ಹೆಸರನ್ನು ಕೂಗಿ ಹೇಳುತ್ತಿದ್ದರಂತೆ. ಮುಂದಿನ ವಾರ ಆ ಮನೆಯ ಗೇಟು ಮುಚ್ಚಿರುತ್ತಿತ್ತು, ಪಾತ್ರೆಗಳು ಮಲಗುವ ಕೋಣೆಗೆ ಹೋಗಿರುತ್ತಿದ್ದವು. ಆಮೇಲೆ ಜ್ವರ ಬಂದರೂ ಹೇಳುತ್ತಿರಲಿಲ್ಲ. ಹೆಸರು ಕೂಗಿದ್ದರಿಂದ ಹೆಸರು ಕೆಟ್ಟಿತೇ ಹೊರತು ಸೊಳ್ಳೆ ಸಾಯಲಿಲ್ಲ ಎಂದಳು. ಅದಕ್ಕೇ ಈ ಒಂದು ಬೇಸಿನ್ನು.

ನಾನು ಟೀ ಲೋಟ ಹಿಡಿದುಕೊಂಡು ಅತ್ತುಬಿಟ್ಟೆ. ಅವಳು ಇನ್ನೊಂದು ಚೂರು ಬೆಲ್ಲ ಕೊಟ್ಟಳು.

ಬೀಗದ ಮನೆ

ಇಷ್ಟಕ್ಕೆ ನಿಲ್ಲಿಸಿದರೆ ಲಂಕೆಯವರು ದೇವರು, ನಾವು ದಡ್ಡರು ಎಂದಾಗುತ್ತದೆ. ಹಾಗೆ ಬರೆಯುವ ಪ್ರವಾಸಿಗರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಅವತ್ತು ಬೇಸಿನ್ನು ಒಂದು ಮನೆಯ ಮುಂದೆ ಮಾತ್ರ ನಿಲ್ಲದೆ ಮುಂದೆ ಹೋಗಿತ್ತು, ಅದನ್ನು ನಾನು ನೋಡಿದ್ದೆ.

ಅದು ಓಣಿಯಲ್ಲೇ ದೊಡ್ಡ ಮನೆ. ಯಜಮಾನ ಯಾವುದೋ ದೇಶದಲ್ಲಿದ್ದಾನೆ. ಗೇಟಿಗೆ ಬೀಗ, ಒಳಗೆ ಆಳೆತ್ತರ ಹುಲ್ಲು. ಬೀಗದ ಕೈ ಓಣಿಯ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಇದೆ. ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಾರಂತೆ, ಮಾತು ಮುರಿಯುವವರಲ್ಲವಂತೆ. ಓಣಿಯವರೆಲ್ಲ ಇದನ್ನು ದೊಡ್ಡ ಗುಣವೆಂಬಂತೆ ಹೇಳಿದರು. ಸೋಮಾ ಅಕ್ಕನ ಮನೆ ಆ ಕಾಂಪೌಂಡಿಗೆ ಒರಗಿಕೊಂಡೇ ಇದೆ.

ಆ ಸಂಜೆ ಮೇಷ್ಟ್ರು ತಮ್ಮ ಜಗಲಿಯಲ್ಲಿ ಕೂತಿದ್ದಾಗ ಹೋಗಿ ಕೇಳಿದೆ. ಜೊತೆಗೆ ಸೆಲ್ವಿಯೂ ಸೋಮಾ ಅಕ್ಕನೂ ಬಂದಿದ್ದರು. ಮೇಷ್ಟ್ರು ಮರ್ಯಾದೆಯಿಂದಲೇ ಆಗುವುದಿಲ್ಲ ಅಂದರು, ನಂಬಿಕೊಟ್ಟ ಬೀಗದ ಕೈ ಅಂದರು. ನಾನು ಸೆಲ್ವಿಗೆ, ಇದನ್ನು ಹಾಗೇ ಅವರ ಭಾಷೆಗೆ ಹಾಕಿ ಹೇಳು ಅಂದೆ. "ಹಂಗಾದ್ರೆ ಈ ಓಣಿ ಬೇಸಿನ್ನು ಬಡವರ ಮನೆ ಹುಳಕ್ಕೆ ಮಾತ್ರವಾ?"

ಸೆಲ್ವಿ ಅರ್ಧಕ್ಕೇ ತಡವರಿಸಿದಳು. "ನಾನು ಇಲ್ಲೇ ಬಾಳ್ಬೇಕು ಕಣೇ, ನೀನು ನಾಳಿದ್ದು ವಿಮಾನ ಅತ್ತಿ ಓಯ್ತೀಯ" ಎಂದಳು. ಅವಳು ಹೇಳಿದ್ದು ನಿಜ. ನಾನು ಅದನ್ನೇ ತಮಿಳಿನಲ್ಲಿ ಅಂದೆ. ಸೋಮಾ ಅಕ್ಕನಿಗೆ ಅಷ್ಟು ತಮಿಳು ಸಾಕಿತ್ತು, ಅವಳೇ ಅದನ್ನು ಸಿಂಹಳದಲ್ಲಿ ಪೂರ್ತಿ ಮಾಡಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಬೀಗದ ಕೈ ಕೊಡಲಿಲ್ಲ.

ಊರಿಗಾಂನಲ್ಲಿ ಬೆಳೆದವರಿಗೆ ಬೀಗ ಹಾಕಿದ ಬಂಗಲೆ ಎಂದರೆ ಅಷ್ಟು ಭಯವಿಲ್ಲ. ಗಣಿ ಕಂಪನಿ ಕಾಲದ ಎಷ್ಟೋ ಬಂಗಲೆಗಳ ಕಾಂಪೌಂಡು ಹತ್ತಿ ಸೀಬೆಕಾಯಿ ಕಿತ್ತವರು ನಾನು ಮತ್ತು ಸೆಲ್ವಿ. ಮಾರನೆಯ ದಿನ ಬೆಳಿಗ್ಗೆ ಸೋಮಾ ಅಕ್ಕನ ಹಿತ್ತಲಿನಲ್ಲಿ ಒರಳುಕಲ್ಲಿನ ಮೇಲೆ ಹತ್ತಿ ನಿಂತೆ. ಸೆಲ್ವಿ ಬೇಡವೇ ಬೇಡ ಎಂದು ಸೀರೆ ಹಿಡಿದು ಎಳೆಯುತ್ತಿದ್ದವಳು, ನಾನು ಗೋಡೆಯ ಮೇಲೆ ಕೂತು ಅತ್ತ ಇಳಿಯಲಾರದೆ ಇತ್ತ ಇಳಿಯಲಾರದೆ ಒದ್ದಾಡುವುದನ್ನು ಕಂಡು ನಗತೊಡಗಿದಳು. ಆಮೇಲೆ ತಾನೂ ಹತ್ತಿದಳು. ಮೊಣಕಾಲು ತರಚಿತು, ನನ್ನ ಸೀರೆಯ ಅಂಚು ಗೋಡೆಯ ಮೇಲೇ ಉಳಿಯಿತು.

ಒಳಗೆ ಹುಲ್ಲಿನ ನಡುವೆ ಅಲಂಕಾರಕ್ಕೆಂದು ಕಟ್ಟಿಸಿದ ಸಿಮೆಂಟಿನ ತೊಟ್ಟಿಯಿತ್ತು. ಒಂದು ಕಾಲದಲ್ಲಿ ತಾವರೆ ಇದ್ದಿರಬೇಕು. ಈಗ ಮಳೆನೀರು ತುಂಬಿ, ಮೇಲ್ಮೈ ಪೂರ್ತಿ ಹುಳಗಳಿಂದ ಕುದಿಯುತ್ತಿತ್ತು. ನಾವು ಬಗ್ಗಿದ ಕೂಡಲೇ ಮೊಣಕೈಗಳಿಗೆ ಸೊಳ್ಳೆ ಮುತ್ತಿಕೊಂಡವು. ಸೆಲ್ವಿ ಅಲ್ಲಿಂದಲೇ ಓಣಿಗೆಲ್ಲ ಕೇಳುವಂತೆ ಕೂಗಿದಳು. ಇಲ್ಲೇ ಬಾಳಬೇಕಾದವಳು ಕೂಗಿದ ಕೂಗು ಅದು. ನನ್ನದಕ್ಕಿಂತ ಅದಕ್ಕೇ ಹೆಚ್ಚು ಧೈರ್ಯ ಬೇಕಿತ್ತು.

ಸ್ವಲ್ಪ ಹೊತ್ತಿಗೆ ಗೇಟು ಕಿರುಗುಟ್ಟಿತು. ಮೇಷ್ಟ್ರೇ ಬೀಗ ತೆಗೆದಿದ್ದರು. ಅವರ ಹಿಂದೆ ಓಣಿಯವರೆಲ್ಲ ಬಂದಿದ್ದರು. ಮೇಷ್ಟ್ರು ತೊಟ್ಟಿಯ ಹತ್ತಿರ ಬಂದು ನೋಡಿದರು, ಸೋಮಾ ಅಕ್ಕನ ಕಡೆ ನೋಡಲಿಲ್ಲ. ಚಪ್ಪಲಿ ಕಳಚಿ, ಉಟ್ಟಿದ್ದ ಸರೋಂಗನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಬಕೆಟ್ಟು ಹಿಡಿದು ತೊಟ್ಟಿಗೆ ಇಳಿದರು. ಯಾರೂ ಅವರಿಗೂ ಏನೂ ಅನ್ನಲಿಲ್ಲ. ನನ್ನ ನಾಲಿಗೆ ತುರಿಸಿತು, ಆದರೂ ಅವರ ಪದ್ಧತಿಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದೆ. ಆ ಪ್ರವಾಸದಲ್ಲಿ ನನಗೆ ಅತಿ ಕಷ್ಟವಾದ ಕೆಲಸ ಅದೇ.

ಮತ್ತೆ ಬಂಗಾರಪೇಟೆ

ನಾನು ಹೊರಡುವ ಹೊತ್ತಿಗೆ ಸೋಮಾ ಅಕ್ಕನ ಮೊಮ್ಮಗ ಮನೆಗೆ ಬಂದಿದ್ದ. ಬಂಗಾರಪೇಟೆಯಲ್ಲಿ ರೈಲಿಳಿದಾಗ ಯಜಮಾನರು ಈ ಸಲ ಸರಿಯಾದ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು, ಆದರೆ ಮುಖ ಸರಿ ಇರಲಿಲ್ಲ. ಅಂಗನವಾಡಿಯನ್ನು ಹಳಿಯ ಆಚೆಗೆ ಸೇರಿಸುವ ಮಾತು ಗಟ್ಟಿಯಾಗಿದೆಯಂತೆ. ಕೀರ್ತನ ಮನೆಗೆ ಬಂದಿದ್ದಳು. ಲೈನಿನಲ್ಲಿ ಮಾತ್ರ ಇನ್ನೂ ನಾಲ್ಕಾರು ಮನೆಗಳಲ್ಲಿ ಜ್ವರ. ನನ್ನ ಡ್ರಮ್ಮು ಬೋರಲು ಬಿದ್ದಿತ್ತು, ಅಂಗನವಾಡಿಗೆ ಬೀಗ ಬಿದ್ದಿತ್ತು, ನಾನಂತೂ ಊರಲ್ಲೇ ಇರಲಿಲ್ಲ. ಜ್ವರ ನನ್ನನ್ನು ಕೇಳದೆಯೇ ಮನೆಮನೆ ತಿರುಗಿತ್ತು. ಅದನ್ನು ಕೇಳಿ ದುಃಖವೂ ಆಯಿತು, ಸಿಟ್ಟೂ ಬಂತು. ಬಜಾರಿಗೆ ಹೋಗಿ ಒಂದು ಬಿಳಿ ಬೇಸಿನ್ನು ಕೊಂಡೆ.

ಊರಿಗಾಂ

ಭಾನುವಾರ ಲೈನಿನವರೆಲ್ಲ ಮನೆಯಲ್ಲಿರುವ ಹೊತ್ತಿಗೆ ಹೋದೆ. ಅಂಗನವಾಡಿಯ ಹಿಂದೆ ಮೋರಿಯ ಪಕ್ಕ ಮಳೆನೀರು ತುಂಬಿಕೊಂಡಿದ್ದ ಬಾಯೊಡೆದ ಬಾನಿಯಿಂದ ಒಂದು ಚೊಂಬು ಮೊಗೆದೆ. ಹುಳ ಇತ್ತು. ಬೇಸಿನ್ನಿಗೆ ಸುರಿದು ಮೊದಲ ಮನೆಯ ಮುಂದೆ ನಿಂತೆ. ನಿಮ್ಮ ಡ್ರಮ್ಮನ್ನೂ ನೋಡೋಣ, ಯಾರ ಹೆಸರನ್ನೂ ಹೇಳುವುದಿಲ್ಲ, ನನ್ನದು ಮೊದಲೇ ಬಿದ್ದಿದೆ ನೋಡಿ ಅಂದೆ. ಬಾಗಿಲು ಮುಚ್ಚಿತು. ಎರಡನೆಯ ಮನೆಯಲ್ಲಿ, ಹೊಸ ನೀರು ಬರುವತನಕ ಇದ್ದ ನೀರು ಚೆಲ್ಲಿ ಕೂತಿರಬೇಕಾ ಎಂದು ಜಗಳಕ್ಕೆ ಬಂದರು. ಜಗಳ ಸರಿಯಾಗಿಯೇ ಇತ್ತು. ಒಂದು ತೊಟ್ಟೂ ಚೆಲ್ಲುವುದು ಬೇಡ ಅಂದೆ. ಹಳೆಯ ಹತ್ತಿ ಸೀರೆಯಲ್ಲಿ ನೀರು ಸೋಸಿ, ಡ್ರಮ್ಮಿನ ಒಳಗೋಡೆ ತಿಕ್ಕಿ, ಸೋಸಿದ ನೀರನ್ನೇ ಮರಳಿ ತುಂಬಿಸಿ, ಬಾಯಿಗೆ ಎರಡು ಪದರ ಬಟ್ಟೆ ಬಿಗಿದು ಕಟ್ಟಿ ಅಂದೆ. ನೀರು ಕೊಡಲಾಗದವರು ನಮ್ಮ ಡ್ರಮ್ಮು ಬಗ್ಗಿಸಲು ಬಂದರೆ ಅಡ್ಡ ನಿಲ್ಲುವವಳು ಮೊದಲು ನಾನು ಎಂದೂ ಅಂದೆ. ಕೇಳಿಸಿಕೊಂಡರು, ಒಳಗೆ ಮಾತ್ರ ಬಿಡಲಿಲ್ಲ. ಫಾರಿನ್ನಿನಿಂದ ಬಂದು ನಮ್ಮ ಮಾನ ಕಳೆಯಲು ನಿಂತಿದ್ದಾಳೆ ಎಂದು ಯಾರೋ ತಮಿಳಿನಲ್ಲಿ ಅಂದರು.

ಆಗ ನಾನು ಮನೆಗಳನ್ನು ಬಿಟ್ಟೆ. ಲೈನಿನ ಕೊನೆಗೆ ಕಂಪನಿ ಕಾಲದ ಕ್ವಾರ್ಟರ್ಸುಗಳಿವೆ, ವರ್ಷಗಳಿಂದ ಯಾರೂ ವಾಸವಿಲ್ಲ, ಕಿಟಕಿಗಳೂ ಇಲ್ಲ. ಬೀಗ ಮಾತ್ರ ಇದೆ. ಕಿಟಕಿಯ ಜಾಗದಿಂದ ಒಳಗೆ ಇಳಿದೆ. ಮಾಡು ಬಿದ್ದ ಒಂದು ಕೋಣೆಯಲ್ಲಿ ಸಿಮೆಂಟಿನ ನೀರು ತೊಟ್ಟಿ ಮಳೆನೀರಿನಿಂದ ತುಂಬಿ ನಿಂತಿತ್ತು. ನನ್ನ ಹಿಂದೆ ನೋಡಲೆಂದು ಬಂದ ಹೆಂಗಸರು ಕಿಟಕಿಯಲ್ಲಿ ಮುಖವಿಟ್ಟು ನಿಂತರು. ಅವರ ನಡುವೆ ಮಂಜುಳ ಇದ್ದಳು. ನಾನು ಮೊಗೆದು ಬೇಸಿನ್ನಿಗೆ ಸುರಿದೆ. ಅಷ್ಟು ಹುಳವನ್ನು ಅವರು ಯಾರೂ ಕಂಡಿರಲಿಲ್ಲ.

"ಈ ಮನೆ ಯಾರ್ದು ಟೀಚರೇ?" ಎಂದು ಒಬ್ಬಳು ಕೇಳಿದಳು.

ಯಾರದೂ ಅಲ್ಲ, ಯಾರನ್ನು ಬೈಯುತ್ತೀರಿ ಬೈಯಿರಿ ಅಂದೆ.

ಮಂಜುಳ ಹೊರಟುಹೋದಳು. ಆಸ್ಪತ್ರೆಯ ಬಾಗಿಲಲ್ಲಿ ಅಡ್ಡ ಹಿಡಿದ ಕೈ ನೆನಪಾಗಿ, ಇವಳು ನನ್ನ ಪಾಲಿಗೆ ಮುಗಿದಳು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಪ್ಲಾಸ್ಟಿಕ್ಕಿನ ಜಗ್ಗು ಹಿಡಿದು ಬಂದಳು. ಎಲ್ಲರ ಎದುರಿಗೆ ಅದನ್ನು ನನ್ನ ಬೇಸಿನ್ನಿಗೆ ಸುರಿದಳು. ಅದರಲ್ಲೂ ಹುಳ ಇತ್ತು, ಅವಳ ಮನೆಯ ಡ್ರಮ್ಮಿನದು, ಕೀರ್ತನ ಮಲಗುವ ಚಾಪೆಯಿಂದ ಒಂದು ಮಾರೂ ದೂರವಿಲ್ಲದ ಡ್ರಮ್ಮಿನದು.

ನಾನು ಬೇಸಿನ್ನನ್ನು ಕಲಕಿಬಿಟ್ಟೆ. ಇನ್ನು ಯಾವುದು ಯಾರದೆಂದು ಯಾರೂ ಹೇಳುವ ಹಾಗಿರಲಿಲ್ಲ. ಆಮೇಲೆ ಒಬ್ಬೊಬ್ಬರೇ ಹೋಗಿ ಚೊಂಬು, ಲೋಟ, ಸೌಟು ಹಿಡಿದು ಬಂದರು. ಎಲ್ಲರೂ ಬರಲಿಲ್ಲ. ಮುಚ್ಚಿದ ಬಾಗಿಲುಗಳು ಕೆಲವು ಮುಚ್ಚಿಯೇ ಇದ್ದವು, ಇವತ್ತಿಗೂ ಕೆಲವು ಮುಚ್ಚಿವೆ. ಬಂದವರು ತಂದದ್ದೆಲ್ಲವನ್ನೂ ಗಣಿಯ ಕಸದ ಮಣ್ಣು ಸುರಿದು ಬೆಳೆದ ಸೈನೈಡ್ ಗುಡ್ಡದ ಬುಡದ ಒಣ ಮಣ್ಣಿಗೆ ಸುರಿದೆವು. ಸಂಜೆಯೊಳಗೆ ಹಲವು ಡ್ರಮ್ಮುಗಳ ಬಾಯಿಗೆ ಹಳೆಯ ಸೀರೆ ಬಿಗಿದಿತ್ತು. ಬಣ್ಣಬಣ್ಣದ ತಲೆಗಂಟು ಕಟ್ಟಿಕೊಂಡ ಅಜ್ಜಿಯರು ಸಾಲಾಗಿ ಕೂತ ಹಾಗೆ ಕಾಣುತ್ತಿದ್ದವು.

ಅಂಗನವಾಡಿ ತೆರೆಯಲು ಅಪ್ಪಣೆ ಬಂದಿರಲಿಲ್ಲ. ಕೇಳಿದ್ದಕ್ಕೆ ಮೇಲಿನವರು, ಮಕ್ಕಳೇ ಬರದಿದ್ದ ಮೇಲೆ ತೆರೆದು ಏನು ಮಾಡುತ್ತೀರಿ ಎಂದಿದ್ದರು. ಬೀಗದ ಕೈ ನನ್ನ ಹತ್ತಿರವೇ ಇತ್ತು. ಸೋಮವಾರ ಹೋಗಿ ತೆಗೆದು, ನೆಲ ಒರೆಸಿ, ಮೊಟ್ಟೆ ಬೇಯಲು ಇಟ್ಟು ಕೂತೆ. ಬೆಂಗಳೂರಿನ ರೈಲು ಆಗಲೇ ಹೋಗಿತ್ತು, ಇನ್ನು ಅಜ್ಜಿಯರು ಕರೆತಂದರೆ ಉಂಟು. ಯಾರೂ ಬರಲಿಲ್ಲ. ಮೊಟ್ಟೆ ಬೆಂದು ಆರಿತು.

ಆಮೇಲೆ ಮಂಜುಳ ಬಂದಳು, ಕೆಲಸಕ್ಕೆ ಹೋಗಿರಲಿಲ್ಲ. ಕೀರ್ತನಳನ್ನು ಎತ್ತಿಕೊಂಡು, ಲೈನಿನ ಉದ್ದಕ್ಕೂ ಎಲ್ಲರಿಗೂ ಕಾಣುವಂತೆ ನಡುಬೀದಿಯಲ್ಲಿ ನಡೆದು ಬಂದಳು. ಮಗು ಬಡವಾಗಿತ್ತು, ಕೈಯಲ್ಲಿ ಸೂಜಿ ಚುಚ್ಚಿದ ಕಲೆ ಇನ್ನೂ ಇತ್ತು. ಹೊಸ್ತಿಲಲ್ಲಿ ಮಗುವನ್ನು ಇಳಿಸಿ, ನನ್ನ ಕಡೆ ಅಲ್ಲ, ಲೈನಿನ ಕಡೆ ತಿರುಗಿ ನಿಂತಳು.

"ಜ್ವರ ಬಂದಿದ್ದು ನನ್ ಮಗೀಗೆ. ನನ್ ಮಗು ಇಲ್ಲೇ ಕೂತ್ಕಂತದೆ. ರೈಲ್ ಅಳಿ ಆಚೆಗೆ ನಾನ್ ಕಳ್ಸಾಕಿಲ್ಲ. ಬ್ಯಾಡ ಅನ್ನೋರು ಇಲ್ಲಿಗ್ ಬಂದು ಏಳಿ."

ಯಾರೂ ಬಂದು ಹೇಳಲಿಲ್ಲ. ನಾನು ಮಂಜುಳಳ ಕೈ ಹಿಡಿದೆ, ಅವಳು ಬಿಡಿಸಿಕೊಳ್ಳಲಿಲ್ಲ. ಒಂದು ಮಗುವನ್ನು ಮುಂದೆ ಕೂರಿಸಿಕೊಂಡು, ಬಾಗಿಲನ್ನು ಪೂರ್ತಿ ತೆರೆದಿಟ್ಟು, ಕೊನೆಯ ಮನೆಯವರೆಗೆ ಕೇಳುವಂತೆ ಅ ಆ ಇ ಈ ಶುರು ಮಾಡಿದೆವು. ಮಂಜುಳ ಹೊಸ್ತಿಲಲ್ಲೇ ಕೂತು, ತನಗೆ ಬರುವಷ್ಟು ಅಕ್ಷರಗಳನ್ನು ನಮಗಿಂತ ಗಟ್ಟಿಯಾಗಿ ಹೇಳಿದಳು.